ಸಂಗ್ರಹಿಸಿದ ಸ್ಥಳ

ಎಲ್ಲಿಂದ ಶುರು ಮಾಡಲಿ? ‘ಹಾಸನದ ಕಾಲೇಜಿನ ಮೇಲೆ ಮಂಜು ಇಳಿದಿತ್ತು’ ಎಂದು ಬರೆದೆ. ಕಥೆಯ ಹುಡುಗ ಮಂಚಯ್ಯ ಕಾಗದದೊಳಗಿಂದಲೇ ಗೊಣಗಿದ: “ಮಂಜು ಆಮ್ಯಾಕೆ ಸಾ. ಮೊದ್ಲು ನಂಗೆ ಸೈನ್ ಆಕ್ಸಿ.”

ಸರಿ. ೧೯೬೩, ಮಾರ್ಚ್. (ಮಾರ್ಚಿನಲ್ಲಿ ಎಂಥಾ ಮಂಜು? ಇರಲಿ ಬಿಡಿ, ಅಳಿಸಲು ಮನಸ್ಸಿಲ್ಲ.)

೧. ಮಂಚಯ್ಯ ಬಿ.ಎಸ್ಸಿ. ಕೊನೆಯ ವರ್ಷ, ಸಸ್ಯಶಾಸ್ತ್ರ. ಇಪ್ಪತ್ತು ಗಿಡ ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಚೀಟಿ ಬರೆಯಬೇಕು: ಗಿಡದ ಹೆಸರು, ಸಂಗ್ರಹಿಸಿದ ಸ್ಥಳ, ಸಂಗ್ರಹಿಸಿದವರು. ಪ್ರತಿ ಹಾಳೆಗೂ ಲೆಕ್ಚರರ್ ಸಹಿ ಬೀಳದಿದ್ದರೆ ಯೂನಿವರ್ಸಿಟಿಯ ಪ್ರಾಕ್ಟಿಕಲ್ ಪರೀಕ್ಷೆಗೆ ಬಿಡುವುದಿಲ್ಲ. ಪರೀಕ್ಷೆ ಇವತ್ತೇ, ಹತ್ತಕ್ಕೆ.

ಹತ್ತೊಂಬತ್ತಕ್ಕೆ ಸಹಿ ಬಿತ್ತು. ಇಪ್ಪತ್ತನೆಯದು ಉತ್ತರಾಣಿ. ಸ್ಥಳ: ಊರ ಗುಡಿಯ ಒಳಪ್ರಾಕಾರ. ಲೆಕ್ಚರರ್ ತಿಮ್ಮಪ್ಪನವರ ಪೆನ್ನು ನಿಂತಿತು. ಅವರದೂ ಅದೇ ಊರು, ರಾಮನಾಥಪುರದ ಆಚೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳೆಲ್ಲ ಬಚಾವಾಗುತ್ತವೆ.)

೨. “ಏನ್ಲಾ, ನಿಮ್ ಕೇರಿಯೋನು ಗುಡಿ ಒಳೀಕೆ ಯಾವಾಗ ಓಗಿದ್ದೆ?”

“ಗಿಡ ಅಲ್ಲಿತ್ತು ಸಾ. ಓದೆ.”

“ರಸ್ತೆ ಬದಿ ಅಂತ ಬರಿ, ಈಗ್ಲೇ ಸೈನ್ ಆಕ್ತೀನಿ. ಉತ್ತರಾಣಿ ಎಲ್ಲಿ ಬೆಳೆಯಾಕಿಲ್ಲ?”

“ಜಾಗ ಸುಳ್ಳು ಬರುದ್ರೆ ಆಳೆ ಕಸ ಅಂತ ನೀವೇ ಯೋಳ್ಕೊಟ್ಟಿದ್ದು ಸಾ.”

“ನಿಮ್ಮವ್ವ ಮಾದಮ್ಮ ನಮ್ಮಣ್ಣನ ಹೊಗೆಸೊಪ್ಪಿನ ಮನೇಲಿ ಎಲೆ ಆರುಸ್ತಾಳೆ. ಅದು ಗ್ಯಾನ ಇರ್ಲಿ ಕಣ್ಲಾ.”

೩. (ಕೈಬಿಟ್ಟದ್ದು.) ಇಡೀ ಕ್ಲಾಸು ಎದ್ದು ಸ್ಟ್ರೈಕ್ ಹೂಡಿತು ಎಂದು ಎರಡು ಪುಟ ಬರೆದಿದ್ದೆ. ಮಂಚಯ್ಯ ನಕ್ಕುಬಿಟ್ಟ. “ಯಾರ್ ಸಾ ಇವ್ರೆಲ್ಲ? ನನ್ನ ಪಕ್ಕ ಉಣ್ಣಾಕೂ ಕೂರ್ದೋರಾ?” ಹರಿದೆ.

ಬೇರೆ ಮುಕ್ತಾಯ: ಅವನು ‘ರಸ್ತೆ ಬದಿ’ ಎಂದು ಬರೆದ, ಪಾಸಾದ, ಮುಂದೆ ತಾನೇ ಲೆಕ್ಚರರ್ ಆದ. ಇದನ್ನು ಬರೆದು ತಿರುಗಿ ನೋಡುವಷ್ಟರಲ್ಲಿ ‘ರಸ್ತೆ ಬದಿ’ ಅಳಿಸಿತ್ತು. ರಬ್ಬರು ನನ್ನ ಹತ್ತಿರ ಇರಲಿಲ್ಲ.

೫. (ನಾಲ್ಕು ತಿಮ್ಮಪ್ಪನವರ ಸಮರ್ಥನೆ. ಅದು ಈಗಾಗಲೇ ಎಲ್ಲ ಕಡೆ ಅಚ್ಚಾಗಿದೆ.)

ಗಿಡ ಕಿತ್ತ ದಿನದ ನಸುಕು. ಅಂಗಾಲಿಗೆ ತಣ್ಣನೆಯ ಕಲ್ಲು. ಪ್ರಾಕಾರದಲ್ಲಿ ಯಾರೂ ಇಲ್ಲ, ಗಂಟೆಯೂ ನಿದ್ದೆಯಲ್ಲಿದೆ. ಮಂಚಯ್ಯ ನಡೆದಷ್ಟೂ ಅಂಗಳ ಅಗಲವಾಗುತ್ತದೆ. ಬಗ್ಗುವ ಮೊದಲೇ ಉತ್ತರಾಣಿಯ ಮುಳ್ಳುಕಾಯಿ ಅವನ ಪಂಚೆ ಹಿಡಿಯಿತು. ಆ ಗೋಡೆಯೊಳಗೆ ಅವನನ್ನು ಮುಟ್ಟಿದ್ದು ಅದೊಂದೇ.

ಇದನ್ನು ಅಳಿಸಿ ರಸ್ತೆ ಬದಿ ಎನ್ನಬೇಕಂತೆ!

೬. ಹತ್ತರ ಗಂಟೆ ಹೊಡೆಯಿತು. ತಿಮ್ಮಪ್ಪನವರು ಎದ್ದರು. ಬೆಳಿಗ್ಗೆ ಊರ ಗುಡಿ ಸುತ್ತಿ ಕೈಮುಗಿದು ಮೊದಲ ಬಸ್ಸಿಗೆ ಬಂದವರು. ಅವರ ಪಂಚೆಯ ಅಂಚಿನ ತುಂಬ ಉತ್ತರಾಣಿ. ಬಗ್ಗಿ ಕೀಳತೊಡಗಿದರು. ಒಂದು ಬಿಟ್ಟರೆ ಇನ್ನೊಂದು ಅಂಟುತ್ತದೆ.

ಮಂಚಯ್ಯ ಹೊಸ ಚೀಟಿ ತೆಗೆದ. “ಸಾ, ನಿಮ್ಮ ಪಂಚೇಲಿರಾದ್ಕೆ ಯಾವ ಜಾಗ ಅಂತ ಬರೀಲಿ?”

ಅವರು ಇನ್ನೂ ಬಗ್ಗಿಯೇ ಇದ್ದಾರೆ. ಪರೀಕ್ಷೆಯ ಬಾಗಿಲು ಅರ್ಧ ಮುಚ್ಚಿದೆ. ತಿಮ್ಮಪ್ಪನವರ ಬಾಯಿಗೆ ಒಂದು ಮಾತು ಕೊಟ್ಟು ಮುಗಿಸೋಣವೆಂದು ಹೋದೆ. “ನೀವ್ ಸುಮ್ಕಿರಿ ಸಾ,” ಅಂದ ಮಂಚಯ್ಯ, “ಅವ್ರೇ ಯೋಳ್ಲಿ.”

ನನ್ನ ಪೆನ್ನು ಅವನ ಕೈಯಲ್ಲಿದೆ. ನನಗೆ ವಾಪಸ್ಸು ಕೊಟ್ಟಿಲ್ಲ.