ಕಾಲರಿನ ಒಳಗಿನ ಎರ್ಮೆಲಿಂದಾ

ನನಗೆ ಗುರುತೇ ಇಲ್ಲದ ಎಷ್ಟೋ ಜನರ ಕುತ್ತಿಗೆಯ ಹಿಂದೆ ನನ್ನ ಹೆಸರು ಓಡಾಡುತ್ತಿದೆ. ಅಂಗಿಯ ಕಾಲರನ್ನು ಮಗುಚಿ ನೋಡಿದರೆ ಒಳಗೆ ಬೆರಳಗಲದ ಬಿಳಿ ಪಟ್ಟಿ, ಅದರಲ್ಲಿ ಹಸಿರು ದಾರದಿಂದ ಇಂಗ್ಲಿಷಿನಲ್ಲಿ ನೇಯ್ದ ಅಕ್ಷರ: "ನನ್ನನ್ನು ಹೊಲಿದವಳು ಎರ್ಮೆಲಿಂದಾ." ಮೊದಲ ಸಲ ಅದನ್ನು ಕಂಡ ದಿನ ಒಂದು ಪಟ್ಟಿಯನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಮಗಳು ಇತ್ಸೆಲ್ "ಅಮ್ಮ, ನೀನೀಗ ದೊಡ್ಡ ಮನುಷ್ಯಳು, ಇನ್ಮೇಲೆ ಪಾತ್ರೆ ನಾನೇ ತೊಳೀಬೇಕೇನೋ" ಎಂದು ಅಣಕಿಸಿದಳು. ತೊಳೆಯಲಿಲ್ಲ ಅನ್ನುವುದು ಬೇರೆ ಮಾತು.

ಹೆಮ್ಮೆಗೆ ಕಾರಣವಿತ್ತು. ಲಾಸ್ ಏಂಜಲೀಸಿಗೆ ಬಂದ ಮೇಲೆ ಇಪ್ಪತ್ತು ವರ್ಷ ನಾನು ಜೇಬು ಹೊಲಿದೆ. ಬರೀ ಜೇಬು. ಒಬ್ಬಳು ತೋಳು, ಒಬ್ಬಳು ಕಾಲರು, ಒಬ್ಬಳು ಅಂಚು, ನಾನು ಜೇಬು. ಕಟ್ಟು ಬಿಚ್ಚಿ, ಹೊಲಿದು, ಮತ್ತೆ ಕಟ್ಟಿ ಮುಂದಕ್ಕೆ ತಳ್ಳಿದರೆ ಆ ಜೇಬು ಯಾವ ಅಂಗಿಗೆ ಸೇರಿತೋ ದೇವರೇ ಬಲ್ಲ. ಬ್ರೆನ್ನಾಳ ಕಾರ್ಖಾನೆಯಲ್ಲಿ ಹಾಗಿರಲಿಲ್ಲ. ಊರ ನಡುವಿನ ಹಳೆಯ ಕಟ್ಟಡದ ನಾಲ್ಕನೆಯ ಮಹಡಿ, ದೊಡ್ಡ ಕಿಟಕಿಗಳು, ಕುಂಡದಲ್ಲಿ ಗಿಡಗಳು, ಹೊಲಿಯಲು ನಾಲ್ಕೇ ಹೆಂಗಸರು. ಒಂದು ಅಂಗಿ ಎಂದರೆ ಮೊದಲಿಂದ ಕೊನೆಯವರೆಗೆ ಒಬ್ಬಳದೇ ಕೈ. ವಿಷ ಹೊಡೆಯದೆ ಬೆಳೆದ ಹತ್ತಿ, ಗಿಡದಿಂದ ತೆಗೆದ ಬಣ್ಣ, ಉಳಿದ ಚಿಂದಿಯಲ್ಲಿ ಕೈಚೀಲ. ಬ್ರೆನ್ನಾ ಯಜಮಾನಿಯಾದರೂ ಬರಿಗಾಲಲ್ಲಿ ಓಡಾಡುತ್ತಾ, ಆರೋಗ್ಯಕ್ಕೆ ಒಳ್ಳೆಯದೆಂದು ತಾನೇ ಹುದುಗಿಸಿ ಹುಳಿ ಬರಿಸಿದ ಚಹಾವನ್ನು ನಮಗೆಲ್ಲ ಹಂಚುತ್ತಿದ್ದಳು. ಅದನ್ನು ಮುಖ ಕಿವುಚದೆ ಕುಡಿಯುವುದೊಂದೇ ಅಲ್ಲಿ ಕಷ್ಟದ ಕೆಲಸ.

ನನ್ನನ್ನು ಅಲ್ಲಿಗೆ ಸೇರಿಸಿದ್ದು ರೆಮೆದಿಯೋಸ್, ನಮ್ಮ ರೆಮೆ, ಅಲ್ಲಿನ ಮೇಲ್ವಿಚಾರಕಿ. ನಾವಿಬ್ಬರೂ ಗಡಿಯಾಚೆ ಪುಯೆಬ್ಲಾ ಸೀಮೆಯ ಒಂದೇ ಊರಿನವರು. ಗಡಿ ದಾಟಿದ್ದೂ ಒಟ್ಟಿಗೆ. ದಾರಿಯಲ್ಲಿ ನನ್ನ ಚಪ್ಪಲಿ ಕಿತ್ತುಹೋದಾಗ ತನ್ನದನ್ನು ಬಿಚ್ಚಿಕೊಟ್ಟು ಮುಳ್ಳಿನ ಮೇಲೆ ನಡೆದವಳು ಅವಳು. ಇತ್ಸೆಲ್ ಹುಟ್ಟಿದಾಗ ಇಗರ್ಜಿಯಲ್ಲಿ ಮಗುವನ್ನು ಎತ್ತಿ ಹಿಡಿದು ಜ್ಞಾನಸ್ನಾನ ಮಾಡಿಸಿದವಳೂ ಅವಳೇ. ನಮ್ಮಲ್ಲಿ ಹಾಗೆ ಮಗುವಿಗೆ ಧರ್ಮತಾಯಿಯಾದವಳು ಹೆತ್ತವಳಿಗೆ ಕೊಮಾದ್ರೆ ಆಗುತ್ತಾಳೆ. ಒಡಹುಟ್ಟಿದವರನ್ನಾದರೂ ಬಿಡಬಹುದು, ಕೊಮಾದ್ರೆಯನ್ನು ಬಿಡುವಂತಿಲ್ಲ. ಅವತ್ತಿನಿಂದ ಒಬ್ಬರನ್ನೊಬ್ಬರು "ನೀನು" ಎನ್ನುವಂತೆಯೂ ಇಲ್ಲ. ಜಗಳವಾಡಿದರೂ ಬಹುವಚನದಲ್ಲೇ ಆಡಬೇಕು.

ಕಾಲರಿಗೆ ಹೆಸರು ಹಾಕುವ ಯೋಚನೆ ಬ್ರೆನ್ನಾಳದು. ಕೊಳ್ಳುವವರಿಗೆ ಹೊಲಿದವರ ಹೆಸರು ತಿಳಿಯಬೇಕು, ಮುಖ ಕಾಣಬೇಕು ಎಂದಳು. ಉಳಿದ ಮೂವರು ಆಗುವುದೇ ಇಲ್ಲ ಎಂದುಬಿಟ್ಟರು. ಕಾಗದಪತ್ರ ಸರಿಯಿಲ್ಲದವರು ಹೆಸರನ್ನು ಬೀದಿಗೆ ಬಿಡುವುದಿಲ್ಲ. ನನಗೂ ಒಳಗೊಳಗೇ ಪುಕುಪುಕು.

"ಹಾಕ್ಸಿ ಕೊಮಾದ್ರೆ, ನಾನಿಲ್ವಾ?" ಎಂದಳು ರೆಮೆ. "ನಿಮ್ಮ ಹೆಸರಿಗೆ ಮಸಿ ಬಳ್ಯೋಕೆ ಯಾರಾದ್ರೂ ಬಂದ್ರೆ ಮೊದ್ಲು ನನ್ನ ಮುಖಕ್ಕೆ ಬಳೀಲಿ."

ಆ ಮಾತಿನ ಮೇಲೆ ಒಪ್ಪಿದೆ. ಕಿಟಕಿಯ ಪಕ್ಕ ಕೂರಿಸಿ, ನಗಿಸಿ, ಫೋಟೊ ತೆಗೆದರು. ಉಳಿದವರು ಹೊಲಿದ ಅಂಗಿಗೂ ನನ್ನ ಹೆಸರೇ ಬೀಳತೊಡಗಿತು. "ಏನೇ, ನಾನು ಕಣ್ಣು ಕಳ್ಕೊಂಡು ಕಾಜಾ ಹಾಕಿದ್ದಕ್ಕೂ ನಿನ್ನ ಹೆಸರಾ? ನಾನು ಸತ್ರೆ ಸಮಾಧಿ ಮೇಲೂ ನಿಂದೇ ಕೆತ್ತಿಸ್ಬಿಡು" ಎಂದು ಜೊತೆಯವಳು ನಸಾರಿಯಾ ರೇಗಿಸುತ್ತಿದ್ದಳು. ಗಿರಾಕಿಗಳು ನಮ್ಮ ಮಹಡಿ ಹತ್ತಿ ಬಂದು ನನ್ನನ್ನು ಅಪ್ಪಿಕೊಂಡು ಹೋಗುತ್ತಿದ್ದರು. ಒಬ್ಬಾಕೆ ಅತ್ತೇಬಿಟ್ಟಳು. ಯಾಕೆ ಅತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೂ ಬೆನ್ನು ಸವರಿ ಕಳಿಸಿದೆ.

ಬರುಬರುತ್ತಾ ಆ ಅಂಗಿ ಕಂಡ ಕಂಡ ಅಂಗಡಿಯಲ್ಲೆಲ್ಲ ನೇತಾಡತೊಡಗಿತು. ನಾಲ್ಕು ಜನರ ಕೈಯಲ್ಲಿ ಇಷ್ಟು ಹೇಗೆ ಹೊಲಿದೆವು ಎಂದು ರೆಮೆಯನ್ನು ಕೇಳಿದೆ. "ಬ್ರೆನ್ನಾ ಇನ್ನೊಂದು ಕಡೆ ತೆಗೆದಿದಾಳೆ ಕೊಮಾದ್ರೆ. ಇದೇ ಥರ, ಕಿಟಕಿ ಇನ್ನೂ ದೊಡ್ಡದು" ಎಂದಳು. ಕೊಮಾದ್ರೆ ಹೇಳಿದ ಮೇಲೆ ಮುಗಿಯಿತು. ಕಿಟಕಿಯನ್ನು ಅಳೆದು ನೋಡಲು ನಾನು ಹೋಗಲಿಲ್ಲ.

ಒಂದು ಭಾನುವಾರ ಬಟ್ಟೆ ಒಗೆಯುವ ಮಷೀನುಗಳ ಅಂಗಡಿಯಲ್ಲಿದ್ದೆ. ಪಕ್ಕದ ಮನೆಯವಳು ಬಾಗಿಲಿಂದಲೇ "ಎರ್ಮೆಲಿಂದಾ, ಅಂಗಿ ಮಹಾರಾಣಿ, ನಿನ್ನ ಮಷೀನು ನಿಂತೋಯ್ತು ನೋಡು" ಎಂದು ಕೂಗಿದಳು. ಆಚೆ ಮೂಲೆಯಲ್ಲಿ ಹಾಸಿಗೆಬಟ್ಟೆ ಮಡಿಸುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. ಉಟ್ಟ ಕೈಮಗ್ಗದ ಲಂಗ ನೋಡಿದರೆ ಗ್ವಾಟೆಮಾಲಾದ ಗುಡ್ಡಗಾಡಿನವಳೆಂದು ತಿಳಿಯುತ್ತಿತ್ತು.

"ಅಂಗಿ ಕಾಲರಿನ ಎರ್ಮೆಲಿಂದಾ ನೀವೇನಾ?" ಎಂದಳು.

ಇಂಥ ಪ್ರಶ್ನೆ ನನಗೆ ಹೊಸದಲ್ಲ. ಕೂದಲು ಸರಿಮಾಡಿಕೊಂಡು, ಹಲ್ಲು ಬಿಟ್ಟು, "ಹೌದು, ನಾನೇ" ಎಂದೆ. ಇನ್ನೇನು ಅಪ್ಪಿಕೊಳ್ಳುತ್ತಾಳೆ ಎಂದು ಕೈಯನ್ನೂ ಸ್ವಲ್ಪ ಅಗಲಿಸಿದೆ.

"ನನ್ನ ತಂಗಿ ಸೆಕೆಗೆ ತಲೆ ತಿರುಗಿ ಮಷೀನಿನ ಮೇಲೇ ಬಿದ್ಲು. ಒಂದು ದಿನ ರಜಾ ಕೇಳಿದ್ವಿ. ನಮ್ಗೆ ಕೆಲ್ಸ ತಂದುಕೊಡೋರು, ದೋನ್ಯಾ ಎರ್ಮೆಲಿಂದಾ ಒಪ್ಪಲ್ಲ ಅಂದ್ರು. ಆಮೇಲೆ ಕೆಲ್ಸದಿಂದಾನೇ ತೆಗೆದ್ರು, ಅದೂ ನಿಮ್ಮ ಅಪ್ಪಣೆ ಅಂತೆ. ಹೊಟ್ಟೆ ತಣ್ಣಗಾಯ್ತಾ?"

ನನ್ನ ಕೈ ಅಗಲಿಸಿದ್ದು ಅಗಲಿಸಿದ ಹಾಗೇ ನಿಂತಿತು. ದೋನ್ಯಾ ಎಂದು ನಮ್ಮ ಜನ ಕರೆಯುವುದು ಮರ್ಯಾದೆಗೆ, ದೊಡ್ಡವರನ್ನು. ಅವಳ ಬಾಯಲ್ಲಿ ಅದು ಉಗುಳಿದ ಹಾಗೆ ಬಂದಿತ್ತು.

ಅವಳ ಹೆಸರು ಒತಿಲಿಯಾ. ಊರ ದಕ್ಷಿಣಕ್ಕೆ, ಯಾರದೋ ಮನೆಯ ಹಿಂದಿನ ಕಾರು ಶೆಡ್ಡಿನಲ್ಲಿ ಹೊಲಿಯುತ್ತಾಳಂತೆ. ದಿನವೂ ಕಾಲರಿಗೆ ಪಟ್ಟಿ ಹಚ್ಚುವುದೇ ಅವಳ ಕೆಲಸ. ಪಟ್ಟಿಯ ಇಂಗ್ಲಿಷು ಅವಳಿಗೆ ಬಾರದು, ಹೆಸರು ಮಾತ್ರ ಓದಬಲ್ಲಳು. ನಮ್ಮ ಕಸುಬಿನಲ್ಲಿ ಕಾಲರಿನ ಹೆಸರು ಯಾವತ್ತಿದ್ದರೂ ಧಣಿಯದು. ಹೊಲಿಯುವವಳ ಹೆಸರನ್ನು ಅಲ್ಲಿ ಹಾಕುವ ಹುಚ್ಚು ಯಾರಿಗಿದೆ? ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ತಿಳಿಯುತ್ತಿದ್ದೆ. ನಾನೂ ಆ ಹೆಸರಿಗೆ ಶಾಪ ಹಾಕುತ್ತಿದ್ದೆ.

ಮನೆಗೆ ಬಂದವಳೇ ರೆಮೆಗೆ ಫೋನು ಮಾಡಿದೆ. ಸಿಟ್ಟೆಲ್ಲ ಬ್ರೆನ್ನಾಳ ಮೇಲೆ. ಬರಿಗಾಲಿನ ಕಳ್ಳಿ ಎಂದು ಬಾಯಿಗೆ ಬಂದಹಾಗೆ ಬೈದೆ.

"ಯಾರೋ ಹೊಟ್ಟೆಕಿಚ್ಚಿಗೆ ಹೇಳಿರ್ತಾರೆ ಬಿಡಿ," ಎಂದಳು ರೆಮೆ. "ನಾನು ವಿಚಾರಿಸ್ತೀನಿ. ನೀವು ಮಾತ್ರ ಆ ಕಡೆ ಹೋಗ್ಬೇಡಿ ಕೊಮಾದ್ರೆ. ಪೊಲೀಸು ಗಿಲೀಸು ಬಂದು ನಿಮ್ಮನ್ನ ಹಿಡ್ಕೊಂಡ್ರೆ ನನ್ನ ಮಗು ಗತಿಯೇನು?"

ನನ್ನ ಇತ್ಸೆಲ್‌ಳನ್ನು ಅವಳು ನನ್ನ ಮಗು ಎಂದೇ ಕರೆಯುವುದು. ಆ ಮಾತು ಕೇಳಿ ಮನಸ್ಸು ಕರಗಿತು, ಆದರೆ ನಿದ್ದೆ ಬರಲಿಲ್ಲ. ಎಲ್ಲೋ ಒಂದಷ್ಟು ಹೆಂಗಸರು ನನ್ನ ಹೆಸರು ಹಿಡಿದು ಶಪಿಸುತ್ತಿದ್ದಾರೆ, ಅವರೆಲ್ಲ ನನ್ನಂಥವರೇ. ನನಗೆ ಈ ಊರಿನಲ್ಲಿ ಮನೆಯಿಲ್ಲ, ಜಮೀನಿಲ್ಲ, ಸರಿಯಾದ ಕಾಗದವಿಲ್ಲ. ಇರುವುದೊಂದು ಹೆಸರು. ಅವರ ಎದುರಿಗೇ ಹೋಗಿ ನಿಂತು, ನಾನಲ್ಲ ತಾಯಂದಿರಾ ಎಂದು ಹೇಳಿ, ಅವರು ಹೂಂ ಅಂದ ಮೇಲೆಯೇ ನನಗೆ ನೆಮ್ಮದಿ.

ಅವತ್ತೇ ಇಸಿದುಕೊಂಡಿದ್ದ ನಂಬರಿಗೆ ಫೋನು ಮಾಡಿ, ಶೆಡ್ಡಿಗೆ ಕರೆದುಕೊಂಡು ಹೋಗೆಂದು ಒತಿಲಿಯಾಳನ್ನು ಕಾಡಿ ಒಪ್ಪಿಸಿದೆ. ಮಂಗಳವಾರ ಅವಳು ಬಸ್‌ಸ್ಟಾಪಿನಲ್ಲಿ ಕಾದಿದ್ದಳು. ಬಸ್ಸಿನಲ್ಲಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಸೂಜಿ ಹೊಕ್ಕು ಗಂಟಾದ ಬೆರಳು, ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು. "ಧಣಿ ಕೈ ಹೀಗಿರಲ್ಲ ಅಕ್ಕ," ಎಂದಳು, ಸ್ವಲ್ಪ ನಕ್ಕಳು ಕೂಡ. "ಬನ್ನಿ, ಅವ್ರ ಮುಂದೇನೇ ಹೇಳ್ಬಿಡಿ." ಅಕ್ಕ ಎಂದಿದ್ದು ಕೇಳಿ ನನಗೆ ಅರ್ಧ ಗೆದ್ದ ಹಾಗಾಯಿತು.

ಶೆಡ್ಡಿಗೆ ಕಿಟಕಿ ಇರಲಿಲ್ಲ, ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ. ತಗಡಿನ ಬಾಗಿಲು ಮೊಣಕಾಲೆತ್ತರಕ್ಕೆ ತೆರೆದಿತ್ತು, ಬಗ್ಗಿ ನುಸುಳಿ ಹೋದೆವು. ಒಳಗೆ ಒಂದಕ್ಕೊಂದು ತಾಗಿಸಿ ಇಟ್ಟ ಮಷೀನುಗಳು, ದಾರದ ಧೂಳು, ಬೇಯುವ ಸೆಕೆ. ಒಬ್ಬಳು ತೋಳು, ಒಬ್ಬಳು ಅಂಚು, ಒಬ್ಬಳು ಜೇಬು. ನಾನು ಇಪ್ಪತ್ತು ವರ್ಷ ಕೂತಿದ್ದ ಜಾಗಕ್ಕೇ ಮರಳಿ ಬಂದಿದ್ದೆ. ಇಸ್ತ್ರಿ ಪೆಟ್ಟಿಗೆ ತಾಗಿದ ಕಡೆಯೆಲ್ಲ ಬಟ್ಟೆಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಏಳುತ್ತಿತ್ತು. ಹತ್ತಿಯಂತೆ, ಗಿಡದ ಬಣ್ಣವಂತೆ! ಹೊಲಿಯುವವರ ಕೈಯೆಲ್ಲ ಮೊಣಕೈವರೆಗೆ ನೀಲಿಗಟ್ಟಿ ಸಿಪ್ಪೆ ಸುಲಿದಿತ್ತು. ಚಿಂದಿಯನ್ನು ಕಪ್ಪು ಚೀಲಗಳಿಗೆ ತುಂಬಿ ಕಸಕ್ಕೆ ಹಾಕಲು ಪೇರಿಸಿದ್ದರು. ಗೋಡೆಯ ಮೇಲೆ ನನ್ನದೇ ಫೋಟೊ ನಗುತ್ತಿತ್ತು. ಎರಡು ಕಣ್ಣಿಗೂ ಯಾರೋ ಸೂಜಿ ಚುಚ್ಚಿದ್ದರು.

ಮಷೀನುಗಳು ಒಂದೊಂದಾಗಿ ನಿಂತವು. ನಾನು ಮಾತು ಶುರುಮಾಡಿದೆ. ನಾನೂ ಹೊಲಿಯುವವಳು, ನನಗೂ ವಾರದ ಕೂಲಿ, ನಿಮ್ಮ ರಜಾ ತಡೆದವಳು ನಾನಲ್ಲ ಎಂದೆ. ಓವರ್‌ಲಾಕ್ ಮಷೀನಿನ ಹಿಂದೆ ಕೂತಿದ್ದ ಹಿರಿಯಳು, ಎಂಕಾರ್ನಾಸಿಯೋನ್ ಅಂತ, ಹಲ್ಲು ಕಚ್ಚಿಕೊಂಡು ಮೇಜಿನ ಅಂಚು ಹಿಡಿದಿದ್ದಳು.

"ಬಾಯಲ್ಲಿ ಹೇಳಿದ್ರೆ ಆಯ್ತಾ? ನಿಮ್ಮ ಪರವಾಗಿ ಹೇಳೋರು ಯಾರಾದ್ರೂ ಇದಾರಾ?" ಎಂದಳು.

"ಇದಾರೆ," ಎಂದೆ. "ನನ್ನ ಕೊಮಾದ್ರೆ ಇದಾರೆ. ಚಿಕ್ಕಂದಿನಿಂದ ನನ್ನ ಬಲ್ಲೋರು. ಅವ್ರನ್ನೇ ಕರ್ಸ್ತೀನಿ, ಅವ್ರ ಬಾಯಿಂದಾನೇ ಕೇಳಿ."

ಫೋನು ತೆಗೆಯುತ್ತಿದ್ದೆ. ಅಷ್ಟರಲ್ಲಿ ಹೊರಗೆ ವ್ಯಾನು ನಿಂತ ಸದ್ದಾಯಿತು. ತಗಡಿನ ಬಾಗಿಲು ಮೇಲೆ ಸರಿಯಿತು. ಕತ್ತರಿಸಿದ ಬಟ್ಟೆಯ ಮೂಟೆ ಎತ್ತಿಕೊಂಡು ರೆಮೆ ಬಂದಳು. ನನಗೆ ಹೋದ ಜೀವ ಬಂದ ಹಾಗಾಯಿತು. ವಿಚಾರಿಸುತ್ತೇನೆ ಎಂದಿದ್ದಳಲ್ಲ, ಬಂದೇಬಿಟ್ಟಳು ಎಂದುಕೊಂಡೆ. ಮೂಟೆಯನ್ನು ಯಾಕೆ ತಂದಳು ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

"ಕೊಮಾದ್ರೆ, ನಾನ್ಯಾರು ಅಂತ ಇವ್ರಿಗೆ ಹೇಳಿ," ಎಂದೆ.

ರೆಮೆ ಮೂಟೆ ಇಳಿಸಿದಳು. ನನ್ನನ್ನು ನೋಡಿದಳು, ಒತಿಲಿಯಾಳನ್ನು ನೋಡಿದಳು, ಮುಖದ ಬೆವರು ಒರೆಸಿಕೊಂಡಳು.

"ಏನ್ರೇ, ಕೂತೇ ಇದೀರಲ್ಲ?" ಎಂದಳು ಅವರಿಗೆ. "ಯಜಮಾನ್ರು ನೋಡೋಕೆ ಬಂದಿದಾರೆ. ಎದ್ದು ನಮಸ್ಕಾರ ಹೇಳಿ."

ಕುರ್ಚಿಗಳು ಹಿಂದೆ ಸರಿದವು. ಎಲ್ಲರೂ ಎದ್ದರು. ತಲೆ ತಗ್ಗಿಸಿ, ಶಾಲೆಯ ಮಕ್ಕಳ ಹಾಗೆ, "ನಮಸ್ಕಾರ ದೋನ್ಯಾ ಎರ್ಮೆಲಿಂದಾ" ಎಂದರು.

ನಾನು ಅವಳ ರಟ್ಟೆ ಹಿಡಿದು ಬಾಗಿಲ ಕಡೆಗೆ ಎಳೆದೆ. "ಏನು ಹೇಳ್ತಿದೀರಿ ನೀವು?"

"ಮೆಲ್ಲಗೆ," ಎಂದಳು. "ಬ್ರೆನ್ನಾಗೆ ಅಂಗಿ ಬೇಕಿತ್ತು. ಎಲ್ಲಿಂದ, ಹೇಗೆ ಅಂತ ಕೇಳಲ್ಲ, ಸಿಗ್ಬೇಕು ಅಷ್ಟೇ ಅಂದ್ಲು. ನಾನು ಇದನ್ನ ಮಾಡ್ದೆ. ಇವ್ರಿಗೆ ಬೈಯೋಕೆ ಒಂದು ಹೆಸರು ಬೇಕಲ್ಲ? ನಂದು ಕೊಟ್ರೆ ನಾನು ಈ ಬೀದೀಲಿ ಓಡಾಡೋದು ಹೇಗೆ? ನಿಮ್ಮದು ಹೇಗಿದ್ರೂ ಕಾಲರಿನ ಮೇಲೆ ಇತ್ತು."

"ಮತ್ತೆ ನಾನು ಓಡಾಡೋದು ಹೇಗೆ ಕೊಮಾದ್ರೆ?"

ಅವಳು ರಟ್ಟೆ ಬಿಡಿಸಿಕೊಂಡು ಮೂಟೆಯ ಗಂಟು ಬಿಚ್ಚತೊಡಗಿದಳು. ಬ್ರೆನ್ನಾ ಮೋಸ ಮಾಡಿದ್ದರೆ ನಾಲ್ಕು ದಿನ ಬೈದು ಬೇರೆ ಕೆಲಸ ಹುಡುಕುತ್ತಿದ್ದೆ. ಧಣಿಗಳ ಮೋಸ ನಮಗೆ ಹೊಸದೇ? ಇವಳು ನನ್ನ ಕೂಸನ್ನು ಎತ್ತಿಕೊಂಡು ದೇವರ ಮುಂದೆ ನಿಂತವಳು. ನನ್ನನ್ನು ಹೆಸರು ಹಿಡಿದು ಶಪಿಸುವುದನ್ನು ದಿನಾ ಕಿವಿಯಾರೆ ಕೇಳಿ, ಸಂಜೆ ನಮ್ಮ ಮನೆಗೆ ಬಂದು ನನ್ನ ಕೈಯ ಬೀನ್ಸು ಉಂಡು ಹೋಗಿದ್ದಾಳೆ.

ನಾನು ತಿರುಗಿ ಆ ಹೆಂಗಸರಿಗೆ ಹೇಳಿದೆ, ಇವಳೇ ನಡೆಸುವವಳು, ನಾನಲ್ಲ ಎಂದು. ಯಾರೂ ತಲೆ ಎತ್ತಲಿಲ್ಲ. ದೊಡ್ಡವರ ಜಗಳದಲ್ಲಿ ತಲೆ ಎತ್ತಿದರೆ ಕೆಲಸ ಹೋಗುತ್ತದೆ ಎನ್ನುವುದು ಅವರಿಗೆ ಗೊತ್ತು, ನನಗೂ ಗೊತ್ತು.

ಆಗ ಎಂಕಾರ್ನಾಸಿಯೋನ್ ಮೇಜು ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದಳು. ರೆಮೆಯ ಕಡೆಗೆ ನೋಡಲೇ ಇಲ್ಲ.

"ದೋನ್ಯಾ ಎರ್ಮೆಲಿಂದಾ, ನಂಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ತಡ್ಕೊಂಡಿದೀನಿ. ಕಕ್ಕಸಿಗೆ ಹೋಗಿ ಬರ್ಲಾ?"

ಅಂಗಳದ ಕಕ್ಕಸಿಗೆ ಬೀಗ. ರೆಮೆ ಸೊಂಟದಿಂದ ಕೀಲಿ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಯಾರಿಗೂ ಯಜಮಾನಿಯಲ್ಲ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಹೇಳಿ ಮುಗಿಸುವಷ್ಟರಲ್ಲಿ ಆ ಹಿರಿಯಳ ಮಾನ ಎಲ್ಲರ ಕಣ್ಣೆದುರು ಹೋಗುತ್ತಿತ್ತು. ಕೀಲಿ ತೆಗೆದುಕೊಂಡು ಅವಳ ಕೈಗಿಟ್ಟೆ.

"ಹೋಗಿ ಬನ್ನಿ," ಎಂದೆ.

"ದೇವರು ನಿಮಗೆ ಒಳ್ಳೇದು ಮಾಡ್ಲಿ, ದೋನ್ಯಾ," ಎಂದು ಅವಳು ಗೋಡೆ ಹಿಡಿದು ಹೊರಟಳು.

ಉಳಿದವರು ಕೂತರು. ಮಷೀನುಗಳು ಮತ್ತೆ ಶುರುವಾದವು. ಒತಿಲಿಯಾ ಮಾತ್ರ ಕೂರದೆ ನನ್ನ ಹತ್ತಿರ ಬಂದಳು. ಅವಳಾದರೂ ನಂಬಿದ್ದಾಳೆ, ಅಕ್ಕ ಎಂದವಳಲ್ಲವೇ ಎಂದು ನಾನು ಕೈ ಚಾಚಿದೆ. ಅವಳು ಕೈ ಕಟ್ಟಿಕೊಂಡು, ನೆಲ ನೋಡುತ್ತಾ ನಿಂತಳು.

"ಅವರಾದ್ಮೇಲೆ ನಾನೂ ಹೋಗಿ ಬರ್ಲಾ, ದೋನ್ಯಾ?"