ಮಾವಿಸಳ ತಲೆಯಿಲ್ಲದ ಕುದುರೆ

ನಮ್ಮ ಸ್ವಾಫಮ್ ಊರಿನ ನಾಣ್ಯ ಸಂಘದಲ್ಲಿ ಸಿಡ್ನಿ ಗಾಟ್ಸ್ ಹೇಳಿದ್ದೇ ಕೊನೆಯ ಮಾತು. ರೋಮನ್ನರಿಗಿಂತ ಮೊದಲು ಈ ಸೀಮೆ ಆಳಿದ ಐಸೀನಿ ಬುಡಕಟ್ಟಿನವರ ಬೆಳ್ಳಿ ನಾಣ್ಯ ಯಾರು ತಂದರೂ, ಅಂಚಷ್ಟನ್ನೇ ಹಿಡಿದು, ಭೂತಗನ್ನಡಿ ಕಣ್ಣಿಗೊತ್ತಿ ತೀರ್ಪು ಕೊಡುತ್ತಿದ್ದ: ‘ಉತ್ತಮ’, ‘ಸುಮಾರು’, ‘ಪಾಪ’. ಕೊನೆಯದು ನಾಣ್ಯಕ್ಕೋ ತಂದವನಿಗೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಅವನ ಮರದ ತಟ್ಟೆಯಲ್ಲಿ ಒಂದು ಬಗೆಯ ನಾಣ್ಯಕ್ಕೆ ಒಂದೇ ಗುಳಿ. ಅದಕ್ಕಿಂತ ಒಳ್ಳೆಯದು ಸಿಕ್ಕಿತೋ, ಹಳೆಯದು ಎದ್ದು ಜಾಗ ಬಿಡಬೇಕು. ಸಂಗ್ರಾಹಕರ ಜಾತಿಯೇ ಹೀಗೆ. ಹೆಂಡತಿಯನ್ನು ಬದಲಾಯಿಸದಿರುವುದು ನಿಷ್ಠೆಯಿಂದಲ್ಲ, ವಿನಿಮಯಕ್ಕೆ ಯಾರೂ ಬಾರದ್ದರಿಂದ.

ಆ ತಟ್ಟೆಗೆ ಮೊದಲು ಬಂದದ್ದು ಅವನ ಹೆಂಡತಿ ಮಾವಿಸಳ ನಾಣ್ಯ. ಮದುವೆಯಾದ ಹೊಸದರಲ್ಲಿ ಹಿತ್ತಿಲಲ್ಲಿ ಆಲೂಗಡ್ಡೆ ಅಗೆಯುವಾಗ ಅವಳಿಗೇ ಸಿಕ್ಕಿದ್ದು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು; ಹಾಗಾಗಿ ಅದರ ಮೇಲೊತ್ತಿದ ಕುದುರೆಯ ತಲೆ ನಾಣ್ಯದ ಆಚೆಗೇ ಉಳಿದಿತ್ತು. ಮೈಯೆಲ್ಲ ಇದ್ದಿಲಗಪ್ಪು. ಸಿಡ್ ಅದಕ್ಕೆ ‘ಸುಮಾರು’ ಎಂದಿದ್ದ. ಕಳೆದ ವಸಂತದಲ್ಲಿ ತಲೆಯಿರುವ ಕುದುರೆ ನಮ್ಮ ಸಂಘದ ಬ್ಯಾರಿ ಲಾರ್ವುಡ್ ಹತ್ತಿರ ಕಂಡದ್ದೇ, ಇದನ್ನು ಕೊಟ್ಟು ಅದನ್ನು ತಂದ. ಮಾವಿಸಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಒಂದು ಭಾನುವಾರ ನಾನು ಚಹಾಕ್ಕೆ ಹೋದಾಗ ಮಾವಿಸ್ ತನ್ನ ತಂಗಿ ಹಿಲ್ಡಾಳಿಗೆ ತಟ್ಟೆ ತೋರಿಸುತ್ತಿದ್ದಳು.

“ನೋಡೇ, ನನ್ನ ಕುದುರೆ...” ಎಂದವಳು ನಿಂತಳು. “ಸಿಡ್, ಇದಕ್ಕೆ ತಲೆ ಯಾವಾಗ ಬಂತು?”

“ಅದಕ್ಕಿಂತ ಒಳ್ಳೇದು ಸಿಕ್ತು ಕಣೇ. ಕಿವಿ ಕೂಡ ಕಾಣುತ್ತೆ ನೋಡು!”

“ನಂದೆಲ್ಲಿ?”

“ಬ್ಯಾರಿಗೆ ಕೊಟ್ಟೆ. ಸುಮಾರಾಗಿತ್ತಲ್ಲ.”

“ನಮ್ಮ ಹಿತ್ತಿಲದು ಕಣೋ ಅದು,” ಎಂದಳು ಮಾವಿಸ್. ಹಿಲ್ಡಾ ಕೇಕಿನ ತಟ್ಟೆಯನ್ನು ಸಿಡ್‌ನಿಂದ ದೂರ ಸರಿಸಿದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಸಿಡ್ ನನ್ನನ್ನು ಎಳೆದುಕೊಂಡು ಬ್ಯಾರಿಯ ಮನೆಗೆ ಹೋದ. ತಲೆಯಿರುವ ಕುದುರೆಯನ್ನು ಮೇಜಿನ ಮೇಲಿಟ್ಟ.

“ವಾಪಸ್ ತಗೋ ಮಾರಾಯ. ಮಾವಿಸ್‌ದು ಕೊಡು.”

ಬ್ಯಾರಿ ನಕ್ಕ. “ಅಷ್ಟೇನಾ? ಕೊಡೋಣ. ಕರಿ ಹಿಡ್ಕೊಂಡಿತ್ತು ಅಂತ ನಿಂಬೆಹಣ್ಣು, ಅಡಿಗೆ ಸೋಡಾ ಹಾಕಿ ತಿಕ್ಕಿದೀನಿ. ಮದುಮಗಳ ಥರ ಇದೆ ಈಗ!”

ಅದು ಹೊಸ ಚಮಚದಂತೆ ಫಳಫಳ ಹೊಳೆಯುತ್ತಿತ್ತು. ಎರಡು ಸಾವಿರ ವರ್ಷ ನೆಲ ಹಚ್ಚಿದ, ಬಲ್ಲ ಸಂಗ್ರಾಹಕರು ಮುಟ್ಟಲೂ ಹೆದರುವ ಕಪ್ಪನ್ನು ಬ್ಯಾರಿ ಒಂದು ಮಧ್ಯಾಹ್ನದಲ್ಲಿ ಮೋರಿಗೆ ಬಿಟ್ಟಿದ್ದ. ಗೆರೆಗಳೂ ಸವೆದಿದ್ದವು. ಬೇರೆ ದಿನವಾಗಿದ್ದರೆ ಸಿಡ್ ಕೂಗಾಡುತ್ತಿದ್ದ. ಅವತ್ತು ಅಂಗೈಯಲ್ಲಿ ಮುಚ್ಚಿಕೊಂಡ, ಅಂಚು ಹಿಡಿಯುವುದನ್ನೂ ಮರೆತು.

ಮನೆಯಲ್ಲಿ ಮಾವಿಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಚೆನ್ನಾಗಿದೆ. ಆದ್ರೆ ನಂದಲ್ಲ.”

“ನಿಂದೇ ಕಣೇ!” ಸಿಡ್ ಭೂತಗನ್ನಡಿ ಅವಳ ಕೈಗೆ ತುರುಕಿದ. “ಇಲ್ನೋಡು, ಅಂಚಲ್ಲಿ ಬಿರುಕು. ಇಲ್ಲಿ ಬಾಲ. ತಲೆ ಇಲ್ಲ, ನೋಡು, ತಲೆ ಇಲ್ವೇ ಇಲ್ಲ!”

ಯಾರ ನಾಣ್ಯಕ್ಕೂ ಅವನು ಇಷ್ಟು ಗೋಗರೆದದ್ದನ್ನು ನಾನು ಕಂಡಿರಲಿಲ್ಲ.

ಮಾವಿಸ್ ಭೂತಗನ್ನಡಿಯಲ್ಲಿ ಅವನು ತೋರಿಸಿದ ಕಡೆಯೆಲ್ಲ ತಾಳ್ಮೆಯಿಂದ ನೋಡಿದಳು.

“ನೀನು ಹೇಳಿದ ಮೇಲೆ ಇರ್ಬೇಕು ಬಿಡು, ಸಿಡ್,” ಎಂದು ನಾಣ್ಯ, ಭೂತಗನ್ನಡಿ ಎರಡನ್ನೂ ಅವನ ಕೈಗೆ ಕೊಟ್ಟು, ಬಟಾಣಿ ಬಿಡಿಸಲು ಒಳಗೆ ಹೋದಳು.