ಗೆಂಡೆ ಮರಿಗಳ ಪರೀಕ್ಷೆ

ನಾನು ಪ್ರಾಣಿಶಾಸ್ತ್ರದವಳು. ಮೀನಿನ ವಿಷಯ ಬಂದರೆ ನನ್ನನ್ನು ಕೇಳಬೇಕು. ಆದರೆ ಸೋಪಿನ ಪುಡಿ ಎಂದರೆ ರಸಾಯನ ತಾನೇ ಎಂದು ಶಿವಮೊಗ್ಗದ ನಮ್ಮ ಕಾಲೇಜಿನವರು ಅದರ ನೀರು ಮೀನಿಗೆ ಆಗುತ್ತದೆಯೇ ಎಂದು ನೋಡುವ ಕೆಲಸವನ್ನು ರಾಮಯ್ಯ ಮೇಷ್ಟ್ರಿಗೆ ಒಪ್ಪಿಸಿದ್ದರು. ರಾಮಯ್ಯನವರು ಕೆಮಿಸ್ಟ್ರಿಯಲ್ಲಿ ಗಟ್ಟಿಗರು. ಮೀನನ್ನು ಮಾತ್ರ ಅವರು ಕಂಡಿದ್ದು ಬೇರೆಯವರ ತಟ್ಟೆಯಲ್ಲಿ.

ಸಂಗತಿ ಇಷ್ಟೆ. ಮಲವಗೊಪ್ಪದ ಆಚೆ ಒಂದು ಕೆರೆಯ ಪಕ್ಕದಲ್ಲಿ ನಾಗಯ್ಯ ಎಂಬವರು ಬಟ್ಟೆ ಒಗೆಯುವ ಹೊಸ ಪುಡಿಯ ಕಾರ್ಖಾನೆ ಹಾಕಿದ್ದರು. ಭದ್ರಾವತಿಯ ನ್ಯೂ ಟೌನಿನ ಹೆಂಗಸರು ಆ ಪುಡಿಗೆ ಮುಗಿಬೀಳುತ್ತಿದ್ದರು. ಬಾರ್ ಸೋಪು ಸವೆಸಿದರೂ ಹೋಗದ ಗಂಡಂದಿರ ಅಂಗಿಯ ಮಸಿ ಇದರಲ್ಲಿ ನೆನೆಹಾಕಿದರೆ ಹೋಗುತ್ತಿತ್ತು. ಸುಳ್ಳೇಕೆ, ನಾನೂ ಅದನ್ನೇ ತರುತ್ತಿದ್ದೆ. ಕಾರ್ಖಾನೆ ತೊಳೆದ ನೊರೆನೀರನ್ನು ಕೆರೆಗೆ ಬಿಡಲು ನಾಗಯ್ಯ ಅನುಮತಿ ಕೇಳಿದ್ದರು. ಮೀನಿಗೆ ತೊಂದರೆಯಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟರೆ ಸೋಮವಾರವೇ ಕಾಲುವೆ ತೆರೆಯುವುದೆಂದು ತೀರ್ಮಾನವಾಗಿತ್ತು. ಅದೇ ಕೆರೆಯಲ್ಲಿ ಗುಲಾಮ್ ಮೊಹಿದ್ದೀನ್ ಸಾಬರು ಗೆಂಡೆ ಮೀನಿನ ಮರಿ ಬಿಟ್ಟು ಸಾಕುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದುದೇ ಅದರಿಂದ.

ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗಿದ್ದ ನಾನು ಶನಿವಾರ ವಾಪಸು ಬಂದೆ. ರಾಮಯ್ಯನವರು ಹಿಗ್ಗಿನಿಂದ ಗಾಜಿನ ತೊಟ್ಟಿ ತೋರಿಸಿದರು.

"ನೋಡಮ್ಮ ಸೀತಾಲಕ್ಷ್ಮಿ, ಪುಡಿ ನೀರಲ್ಲಿ ಹಾಯಾಗಿ ಈಜ್ತಾ ಇವೆ. ಒಂದೂ ಸತ್ತಿಲ್ಲ. ತೊಂದರೆ ಇಲ್ಲ ಅಂತ ಬರೆದುಬಿಡ್ತೀನಿ."

ತೊಟ್ಟಿಯಲ್ಲಿ ಕಪ್ಪಗೆ, ಮೀಸೆ ಬಿಟ್ಟುಕೊಂಡು ಮುರುಗೋಡು ಮೀನುಗಳಿದ್ದವು. ಒಂದು ಸರ್ರನೆ ಮೇಲೆ ಬಂದು ಬಾಯಿ ತುಂಬ ಗಾಳಿ ಗುಟುಕರಿಸಿ ಕೆಳಗಿಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾರ್, ಇವು ಮುರುಗೋಡು. ಮೇಲೆ ಬಂದು ಗಾಳಿ ಕುಡಿದು ಬದುಕ್ತವೆ, ಕೆಸರಲ್ಲಿ ಹಾಕಿದ್ರೂ ಸಾಯಲ್ಲ. ಗೆಂಡೆ ಪಾಪ ಕಿವಿರಲ್ಲೇ ಉಸಿರಾಡಬೇಕು. ಈ ಪುಡಿ ಮೊದಲು ಹಾಳು ಮಾಡೋದೇ ಕಿವಿರನ್ನ."

"ಮೀನು ಮೀನೇ ಅಲ್ವೇನಮ್ಮ?" ಎಂದರು. "ಆ ಸಾಬರೇ ತಂದ್ಕೊಟ್ಟಿದ್ದು. ಕೆರೆ ಮೀನು ಜೀವಂತ ಬೇಕು ಅಂದಿದ್ದೆ."

ಕೂತಲ್ಲಿ ಕೂರಲಾಗಲಿಲ್ಲ. ಸದ್ಯಕ್ಕೆ ಏನೂ ಬರೆಯಬೇಡಿ ಎಂದು ಅವರಿಗೆ ಹೇಳಿ, ಮಲವಗೊಪ್ಪದ ಕಡೆಗೆ ಸಿಕ್ಕ ಬಸ್ಸು ಹತ್ತಿದೆ. ಅದು ಕಂಡಕಂಡವರಿಗೆಲ್ಲ ನಿಲ್ಲುತ್ತಿದ್ದರೆ ಇಳಿದು ಓಡಿಬಿಡೋಣ ಅನ್ನಿಸುತ್ತಿತ್ತು.

ಸಾಬರ ಮನೆ ಕೆರೆಯ ದಂಡೆಯ ಮೇಲೇ ಇತ್ತು. ಅವರು ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದರು.

"ಏನ್ ಸಾಬ್ರೇ, ಕೆರೆ ತುಂಬ ಗೆಂಡೆ ಇಟ್ಕೊಂಡು ಮೇಷ್ಟ್ರಿಗೆ ಮುರುಗೋಡು ಕೊಟ್ರಾ?"

"ಜೀವಂತ ಬೇಕು ಅಂದ್ರಲ್ಲ ಅಮ್ಮಾವ್ರೇ. ಗೆಂಡೆ ಮರಿ ಬಸ್ ಇಳಿಯೋ ಹೊತ್ತಿಗೆ ಸತ್ತಿರ್ತಿತ್ತು. ಜೀವಂತ ಅಂತ ಕೇಳಿದ ಗಿರಾಕಿಗೆ ಬಜಾರಲ್ಲಿ ಎಲ್ರೂ ಮುರುಗೋಡೇ ಕೊಡೋದು. ಸತ್ತ ಮೀನು ಯಾರ ಕೈಗೂ ಕೊಟ್ಟೋನಲ್ಲ ನಾನು."

"ಮೇಷ್ಟ್ರಿಗೇ ಮೀನು ಕೊಟ್ಟೆ ಅಂತ ಎರಡು ದಿನದಿಂದ ಜಂಬ ಬೇರೆ," ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕುಲ್ಸುಂ.

ಆ ಜಂಬದಿಂದ ಏನಾಗಲಿತ್ತು ಎಂದು ನಾನು ಬಿಡಿಸಿ ಹೇಳಿದೆ. ಸಾಬರ ಕೈಯ ಸೂಜಿ ನಿಂತುಹೋಯಿತು.

ನಾಗಯ್ಯನವರಿಗೂ ಹೇಳಿಕಳಿಸಿ, ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲೇ, ಸಾಬರ ಜಗಲಿಯ ಮುಂದೆ ಹೊಸ ಪರೀಕ್ಷೆ ಇಟ್ಟೆವು. ಎರಡು ತಗಡಿನ ಟಬ್ಬು. ಒಂದರಲ್ಲಿ ಬರೀ ಕೆರೆಯ ನೀರು. ಇನ್ನೊಂದರಲ್ಲಿ ಕಾಲುವೆ ಕೆರೆಗೆ ಸೇರುವ ಕಡೆ ಎಷ್ಟು ಬೆರೆಯಬಹುದೋ ಅಷ್ಟು ನೊರೆನೀರು ಸೇರಿದ ಕೆರೆಯ ನೀರು. ಸಾಬರು ಎರಡಕ್ಕೂ ಗೆಂಡೆ ಮರಿ ಬಿಟ್ಟರು. ನಾಗಯ್ಯ ಕುರ್ಚಿ ತರಿಸಿಕೊಂಡು ಎದುರಿಗೆ ಕೂತರು. ಹೊತ್ತು ಮುಳುಗುವವರೆಗೆ ಮೀನನ್ನು ಯಾರೂ ಮುಟ್ಟಕೂಡದು, ಬದುಕಿದ್ದರೆ ಕಾಲುವೆ ತೆರೆಯುವುದು, ಸತ್ತರೆ ಇಲ್ಲ. ಇದಕ್ಕೆ ಎಲ್ಲರೂ ಒಪ್ಪಿದೆವು.

ಬಿಸಿಲು ಏರುತ್ತಿದ್ದಂತೆ ನೊರೆನೀರಿನ ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಆಮೇಲೆ ವಾಲತೊಡಗಿದವು. ಸಾಬರು ದಂಡೆಯ ಮೇಲೆ ಅತ್ತಿಂದಿತ್ತ ಓಡಾಡಿದರು, ಬೀಡಿ ಹಚ್ಚಿದರು, ಎಳೆಯದೆ ಎಸೆದರು. ನಾನು ಕೈಗಡಿಯಾರ ನೋಡಿಕೊಳ್ಳಲು ತಲೆ ತಗ್ಗಿಸಿದೆ. ಅಷ್ಟರಲ್ಲಿ ಅವರು ಎರಡೂ ಕೈ ಅದ್ದಿ, ಮರಿಗಳನ್ನೆಲ್ಲ ಬಾಚಿ ಒಳ್ಳೆಯ ನೀರಿಗೆ ಹಾಕಿಬಿಟ್ಟರು. ಅಲ್ಲಿ ಅವು ಒಂದೊಂದಾಗಿ ಚೇತರಿಸಿಕೊಂಡವು.

ನಾಗಯ್ಯ ಎದ್ದು ನಿಂತರು. "ನೋಡಿದ್ರಲ್ಲ, ಜೀವ ಇದೆ. ಪರೀಕ್ಷೆ ಕೆಡಿಸಿದ್ದು ನೀವು. ನಾಳೆ ಕಾಲುವೆ ತೆಗೆಸ್ತೀನಿ."

"ಏನ್ ಮಾಡಿಬಿಟ್ರಿ ಸಾಬ್ರೇ," ಎಂದು ನಾನು ಕಿರುಚಿದೆ. "ನಾಲ್ಕು ಮರಿ ಉಳಿಸೋಕೆ ಹೋಗಿ ಕೆರೆನೇ ಕೊಟ್ಟುಬಿಟ್ರಲ್ಲ."

"ದಿನಾ ಹಿಟ್ಟು ಹಾಕೋ ಕೈ ಅಮ್ಮಾವ್ರೇ ಇದು. ನನ್ನ ನೋಡಿ ಈ ಕಡೆಗೇ ಬಂದ್ವು. ತಡೆಯೋಕಾಗ್ಲಿಲ್ಲ."

ಅವರ ಮುಖ ನೋಡಲಾರದೆ ನಾನು ನಾಗಯ್ಯನವರ ಕಡೆ ತಿರುಗಿ, ಇನ್ನೂ ಹೊತ್ತಿದೆ, ಇನ್ನೊಂದು ಸಲ ನೋಡೋಣ ಎಂದು ಗೋಗರೆದೆ. ನನ್ನ ಜನ್ಮದಲ್ಲಿ ಹಾಗೆ ಯಾರನ್ನೂ ಬೇಡಿದವಳಲ್ಲ.

"ನನಗೇನು ಮೀನು ಕೊಲ್ಲೋ ಚಟವಾ? ಈ ನೀರನ್ನ ತಲೆ ಮೇಲೆ ಹೊತ್ಕೊಳ್ಳೋಕಾಗುತ್ತಾ?" ಎಂದು ಗೊಣಗಿದರು. ಆದರೆ ಮತ್ತೆ ಕೂತರು.

ಸಾಬರು ಕೆರೆಗಿಳಿದು ಬೇರೆ ಮರಿಗಳನ್ನು ಹಿಡಿದು ತಂದರು. ತಾವೇ ನೊರೆನೀರಿಗೆ ಬಿಟ್ಟರು. ಆಮೇಲೆ ಹೆಂಡತಿಗೆ ಹೇಳಿದರು: "ಕುಲ್ಸುಂ, ನಾನು ಒಳಗೆ ಹೋಗ್ತೀನಿ. ಹೊರಗಿಂದ ಚಿಲಕ ಹಾಕು. ಎಷ್ಟ್ ಬಡಿದ್ರೂ ತೆಗೀಬೇಡ."

ಕುಲ್ಸುಂ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

ನಾನು ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಮರಿಗಳು ತಗಡಿಗೆ ಬಾಲ ಬಡಿಯುತ್ತಿದ್ದವು. ಬೇಗ ಸಾಯಿರಿ, ಬೇಗ ಸಾಯಿರಿ ಎಂದು ಮನಸ್ಸಿನಲ್ಲೇ ಅವಸರಪಡಿಸುತ್ತಿದ್ದೆ. ಮೀನಿನ ಪಾಠ ಹೇಳುವವಳು ಮೀನು ಸಾಯಲೆಂದು ಹರಕೆ ಹೊರುವಂತಾಯಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಳಗಿನಿಂದ ಬಾಗಿಲು ದಬದಬ ಬಡಿದ ಸದ್ದಾಯಿತು. "ಅಮ್ಮಾವ್ರೇ, ಒಂದನ್ನಾದ್ರೂ ತೆಗೀರಿ." ನಾನು ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡೆ. ಕುಲ್ಸುಂ ಸೆರಗಿನಿಂದ ಕಿವಿ ಮುಚ್ಚಿಕೊಂಡರು, ಆದರೆ ಬಾಗಿಲು ಬಿಟ್ಟು ಏಳಲಿಲ್ಲ.

ಹೊತ್ತು ಮುಳುಗುವ ಮುಂಚೆಯೇ ಕೊನೆಯ ಮರಿಯೂ ಹೊಟ್ಟೆ ಮೇಲಾಗಿ ತೇಲಿತು. ಒಳ್ಳೆಯ ನೀರಿನಲ್ಲಿದ್ದವೆಲ್ಲ ಸುಖವಾಗಿದ್ದವು. ನಾಗಯ್ಯ ಎರಡೂ ಟಬ್ಬನ್ನು ಬಗ್ಗಿ ಬಗ್ಗಿ ನೋಡಿದರು. "ಕಾಲುವೆ ಬೇಡ. ಬೇರೆ ದಾರಿ ನೋಡ್ತೀನಿ," ಎಂದು ಹೇಳಿ, ಕುರ್ಚಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಕುಲ್ಸುಂ ಚಿಲಕ ತೆಗೆದರು. ಸಾಬರು ಹೊರಗೆ ಬರಲಿಲ್ಲ. ನಾನೇ ಹೊಸ್ತಿಲ ಬಳಿ ಹೋಗಿ ನಿಂತೆ.

"ಸಾಬ್ರೇ, ಕೆರೆ ಉಳೀತು."

ಅವರು ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಗೊತ್ತಾಯ್ತು ಅಮ್ಮಾವ್ರೇ," ಎಂದರು. "ಬಾಲ ಬಡಿಯೋ ಸದ್ದು ನಿಂತಾಗಲೇ ಗೊತ್ತಾಯ್ತು."